ಎಂಜಿನ್ ಬದಲಿಸಿದ ಮೇಲೆ ಕೆಂಪು ದೀಪ ಆರದಿದ್ದರೆ...

ಆನೇಮಹಲ್ (ಸಕಲೇಶಪುರ ತಾಲ್ಲೂಕು): ಹಳೆಯ ಜೀಪಿಗೆ ಬೇರೊಂದು ಎಂಜಿನ್ ಕೂರಿಸಿ ಗ್ಯಾರೇಜಿನಿಂದ ಹೊರತಂದ ಮೊದಲ ದಿನವೇ ಡ್ಯಾಶ್‌ಬೋರ್ಡಿನಲ್ಲಿ ಎಣ್ಣೆಗಿಂಡಿಯ ಚಿತ್ರವಿರುವ ಕೆಂಪು ದೀಪ ಉರಿಯತೊಡಗಿದರೆ ಮಾಲೀಕರಿಗೆ ಸಾಮಾನ್ಯವಾಗಿ ಎರಡು ಬಗೆಯ ಸಲಹೆ ಸಿಗುತ್ತದೆ. ‘ವೈರಿಂಗ್ ತೊಂದರೆ, ಓಡಿಸಿ ಪರವಾಗಿಲ್ಲ’ ಎಂಬುದು ಒಂದು. ‘ಎಂಜಿನ್ ಹೋಯಿತು, ಬಿಚ್ಚಲೇಬೇಕು’ ಎಂಬುದು ಇನ್ನೊಂದು. ಎರಡೂ ಅಳತೆ ಮಾಡದೆ ಆಡುವ ಮಾತುಗಳೇ. ಮೊದಲನೆಯದನ್ನು ನಂಬಿದರೆ ಎಂಜಿನ್ ಕೆಲವೇ ನಿಮಿಷಗಳಲ್ಲಿ ಹಾಳಾಗಬಹುದು. ಎರಡನೆಯದನ್ನು ನಂಬಿದರೆ ಸಣ್ಣ ಸ್ವಿಚ್ಚೊಂದರ ದೋಷಕ್ಕೆ ದೊಡ್ಡ ಮೊತ್ತ ತೆರಬೇಕಾದೀತು.

ಸಕಲೇಶಪುರ, ಆಲೂರು ಭಾಗದ ಕಾಫಿ, ಏಲಕ್ಕಿ ತೋಟಗಳಿಗೆ ಜೀಪು ಅನಿವಾರ್ಯ. ಹಳೆಯ ವಿಲ್ಲೀಸ್ ಮಾದರಿಯ ಜೀಪುಗಳಲ್ಲಿದ್ದ 2.2 ಲೀಟರ್ ಪೆಟ್ರೋಲ್ ಎಂಜಿನ್ ತೆಗೆದು ಡೀಸೆಲ್ ಎಂಜಿನ್ ಕೂರಿಸುವುದು ರಾಜ್ಯದ ಹಲವೆಡೆ ನಡೆದುಬಂದ ಕ್ರಮ. ಆನೇಮಹಲ್ ದಾಟಿದರೆ ಮಂಗಳೂರು ಹೆದ್ದಾರಿ ಶಿರಾಡಿ ಘಾಟಿಯತ್ತ ಇಳಿಯುತ್ತದೆ. ಅಲ್ಲಿ ದೀಪ ಉರಿದರೆ ವಾಹನ ನಿಲ್ಲಿಸಲು ಸುರಕ್ಷಿತ ಜಾಗ ಸಿಗುವುದೂ ಕಷ್ಟ. ಆದ್ದರಿಂದ ಈ ದೀಪದ ಅರ್ಥವನ್ನು ಘಾಟಿ ಇಳಿಯುವ ಮೊದಲೇ ತಿಳಿದುಕೊಳ್ಳುವುದು ಒಳಿತು.

ದೀಪ ತಿಳಿಸುವುದೇನು?

ಈ ದೀಪ ಎಣ್ಣೆಯ ಮಟ್ಟವನ್ನಲ್ಲ, ಒತ್ತಡವನ್ನು ತಿಳಿಸುತ್ತದೆ. ಎಂಜಿನ್ ತಳದ ಸಂಪ್‌ನಲ್ಲಿರುವ ಆಯಿಲನ್ನು ಪಂಪ್ ಮೇಲೆತ್ತಿ, ಫಿಲ್ಟರ್ ಮೂಲಕ ಕ್ರ್ಯಾಂಕ್ ಬೇರಿಂಗ್‌ಗಳಿಗೆ ತಳ್ಳುತ್ತದೆ. ತಿರುಗುವ ಶಾಫ್ಟ್ ಮತ್ತು ಬೇರಿಂಗ್ ಒಂದಕ್ಕೊಂದು ತಾಗದಂತೆ ಕಾಯುವುದು ಈ ಆಯಿಲಿನ ತೆಳು ಪದರ.

ಎಂಜಿನ್ ಬ್ಲಾಕಿಗೆ ತಿರುಪಿದ ಒತ್ತಡದ ಸ್ವಿಚ್ ಸಾಮಾನ್ಯವಾಗಿ ಮುಚ್ಚಿದ ಸ್ಥಿತಿಯಲ್ಲಿದ್ದು, ದೀಪದ ವೈರನ್ನು ಎಂಜಿನ್ ಲೋಹದ ಮೂಲಕ ಅರ್ಥಿಂಗ್ ಮಾಡುತ್ತದೆ. ಒತ್ತಡ ಸುಮಾರು 5ರಿಂದ 7 ಪೌಂಡ್ (ಪಿ.ಎಸ್.ಐ.) ದಾಟಿದಾಗ ಸ್ವಿಚ್ ತೆರೆದುಕೊಂಡು ದೀಪ ಆರುತ್ತದೆ. ಕಾರಿನ ಟೈರಿಗೆ ತುಂಬುವ ಗಾಳಿಯೇ ಸುಮಾರು 30 ಪೌಂಡ್ ಎಂಬುದನ್ನು ನೆನೆದರೆ ಇದು ಎಷ್ಟು ಕಡಿಮೆ ಎಂಬುದು ಅರಿವಾಗುತ್ತದೆ. ಅಂದರೆ ದೀಪ ಉರಿಯುವ ವೇಳೆಗೆ ಒತ್ತಡ ಬಹುಮಟ್ಟಿಗೆ ಕುಸಿದಿರುತ್ತದೆ.

ಮೊದಲು ಮಾಡಬೇಕಾದುದು

ದೀಪ ಉರಿದ ಕೂಡಲೇ ವಾಹನವನ್ನು ಸುರಕ್ಷಿತ ಸ್ಥಳದಲ್ಲಿ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಚಕ್ರಕ್ಕೆ ಕಲ್ಲು ಕೊಟ್ಟು ಎಂಜಿನ್ ಆರಿಸಬೇಕು. ಹಳೆಯ ಡೀಸೆಲ್ ಎಂಜಿನ್‌ಗಳಲ್ಲಿ ಕೀ ತಿರುಗಿಸಿದ ಮಾತ್ರಕ್ಕೆ ಎಂಜಿನ್ ನಿಲ್ಲದಿರಬಹುದು; ಸ್ಟಾಪ್ ನಾಬ್ ಎಳೆಯಬೇಕಾಗುತ್ತದೆ. ಎಂಜಿನ್ ಆರಿಸಿ ಇಳಿಜಾರಿನಲ್ಲಿ ವಾಹನವನ್ನು ಉರುಳಲು ಬಿಡುವುದು ಅಪಾಯಕರ. ಬ್ರೇಕ್ ಬೂಸ್ಟರ್ ಇರುವ ವಾಹನದಲ್ಲಿ ಎಂಜಿನ್ ನಿಂತ ಬಳಿಕ ಬ್ರೇಕ್ ಬಿಗಿಯಾಗುತ್ತದೆ.

ಕೆಲವು ನಿಮಿಷಗಳ ನಂತರ, ವಾಹನ ಸಮತಟ್ಟಿನಲ್ಲಿರುವಾಗ ಡಿಪ್‌ಸ್ಟಿಕ್ ನೋಡಬೇಕು. ಎಂಜಿನ್ ಬದಲಿಸಿದ ವಾಹನಗಳಲ್ಲಿ ಇಲ್ಲಿಯೂ ಒಂದು ತೊಡಕಿದೆ. ಮುಂದಿನ ಆ್ಯಕ್ಸಲ್‌ಗೆ ತಾಗದಿರಲೆಂದು ಬೇರೆ ಎಂಜಿನ್ನಿನ ಸಂಪ್ ಅಥವಾ ಡಿಪ್‌ಸ್ಟಿಕ್ ಅಳವಡಿಸಿದ್ದರೆ ಅದರ ಗುರುತು ನಿಜವಾದ ಮಟ್ಟವನ್ನು ತೋರಿಸುವುದಿಲ್ಲ. ಆಯಿಲನ್ನು ಪೂರ್ತಿ ಇಳಿಸಿ, ಅಳತೆ ಮಾಡಿ ತುಂಬಿ, ಹೊಸ ಗುರುತು ಹಾಕಿಕೊಳ್ಳುವುದೇ ಸರಿಯಾದ ಕ್ರಮ.

ವೈರಿಂಗ್ ಪರೀಕ್ಷೆ

ಎಂಜಿನ್ ಚಾಲೂ ಮಾಡದೆ ಕೀ ಮಾತ್ರ ಆನ್ ಮಾಡಿದಾಗ ದೀಪ ಉರಿಯಬೇಕು. ನಂತರ ಸ್ವಿಚ್ಚಿನ ವೈರನ್ನು ಕಳಚಿದರೆ ದೀಪ ಆರಬೇಕು. ಆರದಿದ್ದರೆ ವೈರ್ ಎಲ್ಲೋ ಉಜ್ಜಿ ಬಾಡಿಗೆ ತಾಗಿದೆ ಎಂದರ್ಥ. ಆರಿದರೆ ವೈರ್ ಸರಿಯಿದೆ. ದೋಷ ಇರುವುದು ಸ್ವಿಚ್ಚಿನಲ್ಲಿ ಅಥವಾ ನಿಜವಾದ ಒತ್ತಡದಲ್ಲಿ. ಇವೆರಡರಲ್ಲಿ ಯಾವುದು ಎಂಬುದನ್ನು ಈ ಪರೀಕ್ಷೆ ತಿಳಿಸುವುದಿಲ್ಲ.

ಬಂದ ಎಂಜಿನ್ನಿನಲ್ಲಿ ಸ್ವಿಚ್ ಬದಲು ಗೇಜ್‌ಗೆ ಸೇರಿದ ಸೆಂಡರ್ ಇರುವುದೂ ಉಂಟು. ಸೆಂಡರ್‌ಗೆ ದೀಪದ ವೈರ್ ಜೋಡಿಸಿದರೆ ಒತ್ತಡ ಸರಿಯಿದ್ದರೂ ದೀಪ ಮಂಕಾಗಿ ಉರಿಯುತ್ತಲೇ ಇರಬಹುದು. ಸ್ವಿಚ್ಚಿಗೆ ಗೇಜ್ ಜೋಡಿಸಿದರೆ ಮುಳ್ಳು ಒಂದೇ ತುದಿಗೆ ಅಂಟಿಕೊಳ್ಳುತ್ತದೆ.

ದೀಪ ಎಂದೂ ಉರಿಯದಿರುವುದು ಇನ್ನೂ ಅಪಾಯಕರ. ಸ್ವಿಚ್ಚಿನ ಮರೆಗೆ ಟೆಫ್ಲಾನ್ ಟೇಪ್ ದಪ್ಪಗೆ ಸುತ್ತಿದ್ದರೆ, ಎಂಜಿನ್ ಹಾಗೂ ಚಾಸಿಸ್ ನಡುವಿನ ಅರ್ಥಿಂಗ್ ಪಟ್ಟಿಯನ್ನು ಮರಳಿ ಜೋಡಿಸದಿದ್ದರೆ ಅಥವಾ ಬಲ್ಬ್ ಸುಟ್ಟಿದ್ದರೆ ಹೀಗಾಗಬಹುದು.

ನಿರ್ಣಾಯಕ ಅಳತೆ

ಸ್ವಿಚ್ ಬಿಚ್ಚಿ, ಅದೇ ತೂತಿಗೆ ಮೆಕ್ಯಾನಿಕಲ್ ಪ್ರೆಷರ್ ಗೇಜ್ ಜೋಡಿಸಿ ಅಳೆಯುವುದೇ ಖಚಿತ ಮಾರ್ಗ. ಮರೆಯ ಅಳತೆ ಹೊಂದದಿದ್ದರೆ ಅಡಾಪ್ಟರ್ ಬಳಸಬೇಕೇ ಹೊರತು ಬಲವಂತವಾಗಿ ತಿರುಪಬಾರದು. ಎಂಜಿನ್ ಚಾಲೂ ಆದ ಕೆಲವೇ ಸೆಕೆಂಡುಗಳಲ್ಲಿ ಮುಳ್ಳು ಏಳದಿದ್ದರೆ ತಕ್ಷಣ ಆರಿಸಬೇಕು. ಎದ್ದರೆ, ಎಂಜಿನ್ ಚೆನ್ನಾಗಿ ಬಿಸಿಯಾದ ನಂತರ ಮತ್ತೊಮ್ಮೆ ನೋಡಬೇಕು. ಪ್ರತಿ 1,000 ಸುತ್ತಿಗೆ ಸುಮಾರು 10 ಪೌಂಡ್ ಎಂಬುದು ಮೆಕ್ಯಾನಿಕ್‌ಗಳ ಸ್ಥೂಲ ಲೆಕ್ಕ. ಆಯಾ ಎಂಜಿನ್ನಿನ ಕೈಪಿಡಿಯ ಅಂಕಿಯೇ ಅಂತಿಮ. ಗೇಜ್ ಸರಿಯಾದ ಒತ್ತಡ ತೋರಿಸಿಯೂ ದೀಪ ಉರಿದರೆ ಸ್ವಿಚ್ ಬದಲಿಸಿದರೆ ಸಾಕು.

ಒತ್ತಡ ನಿಜಕ್ಕೂ ಇಲ್ಲದಿದ್ದರೆ ಕಾರಣಗಳು ಹಲವು. ಬಹುಕಾಲ ನಿಂತಿದ್ದ ಎಂಜಿನ್ನಿನ ಪಂಪ್ ಒಣಗಿ ಆಯಿಲ್ ಎಳೆಯದಿರಬಹುದು. ಆಗ ಫಿಲ್ಟರ್‌ಗೆ ಆಯಿಲ್ ತುಂಬಿ, ಸ್ಟಾಪ್ ನಾಬ್ ಎಳೆದಿಟ್ಟುಕೊಂಡು ಸ್ವಲ್ಪ ಸ್ವಲ್ಪವೇ ಸ್ಟಾರ್ಟರ್ ತಿರುಗಿಸಿ ಒತ್ತಡ ಬರುವುದನ್ನು ನೋಡಬೇಕು. ರಿಲೀಫ್ ವಾಲ್ವ್ ತೆರೆದೇ ಸಿಕ್ಕಿಕೊಂಡಿರುವುದು, ಆಯಿಲ್ ಎಳೆಯುವ ಪಿಕಪ್ ಪೈಪಿನ ಜರಡಿ ಕಟ್ಟಿಕೊಂಡಿರುವುದು, ತಪ್ಪು ಗ್ರೇಡಿನ ಆಯಿಲ್ ಅಥವಾ ಆಯಿಲಿಗೆ ಡೀಸೆಲ್ ಬೆರೆತಿರುವುದು ಇತರ ಕಾರಣಗಳು.

ದೀಪ ಯಾವಾಗ ಉರಿಯುತ್ತದೆ ಎಂಬುದೂ ಸುಳಿವು ನೀಡುತ್ತದೆ. ಬಿಸಿಯಾದಾಗ ಐಡ್ಲಿಂಗ್‌ನಲ್ಲಿ ಮಾತ್ರ ಮಿನುಗಿ, ಆಕ್ಸಿಲರೇಟರ್ ಒತ್ತಿದರೆ ಆರುವುದಾದರೆ ಬೇರಿಂಗ್ ಅಥವಾ ಪಂಪ್ ಸವೆದಿರುವ ಸಾಧ್ಯತೆಯಿದೆ. ಗುಜರಿಯಿಂದ ತಂದ ಎಂಜಿನ್ನಿನಲ್ಲಿ ಇದನ್ನು ಕಡೆಗಣಿಸುವಂತಿಲ್ಲ. ಏರು ಹತ್ತುವಾಗ ಅಥವಾ ಕಡಿದಾದ ಇಳಿಜಾರಿನಲ್ಲಿ ಮಾತ್ರ ಉರಿದರೆ ಆಯಿಲ್ ಸಂಪ್‌ನ ಒಂದು ತುದಿಗೆ ಸರಿದು, ಪಿಕಪ್ ಪೈಪ್ ಗಾಳಿ ಎಳೆಯುತ್ತಿರಬಹುದು. ಸಂಪ್ ಬದಲಿಸಿದ ಅಥವಾ ಎಂಜಿನ್ ಓರೆಯಾಗಿ ಕೂರಿಸಿದ ಜೀಪುಗಳಲ್ಲಿ ಈ ದೋಷ ಗ್ಯಾರೇಜಿನ ಸಮತಟ್ಟು ನೆಲದ ಮೇಲೆ ಕಾಣುವುದಿಲ್ಲ. ಆದ್ದರಿಂದ ಗೇಜ್ ಜೋಡಿಸಿಯೇ ಮೊದಲು ಸಮತಟ್ಟು ರಸ್ತೆಯಲ್ಲಿ, ಬಳಿಕ ಸಣ್ಣ ಏರಿನಲ್ಲಿ ಓಡಿಸಿ ನೋಡಬೇಕು. ಘಾಟಿ ಇಳಿಯುವುದು ಆಮೇಲಿನ ಮಾತು.

ಗಮನಿಸಿ: ಎಂಜಿನ್ ಬದಲಾವಣೆ ಮೋಟಾರು ವಾಹನ ಕಾಯ್ದೆ 1988ರ 52ನೇ ಸೆಕ್ಷನ್ ವ್ಯಾಪ್ತಿಗೆ ಬರುತ್ತದೆ. ಎಂಜಿನ್ ಬದಲಿಸುವ ಮೊದಲೇ ವಾಹನ ನೋಂದಣಿಯಾದ ಆರ್.ಟಿ.ಒ. ಕಚೇರಿಯಲ್ಲಿ ವಿಚಾರಿಸಿ, ಹೊಸ ಎಂಜಿನ್ ಸಂಖ್ಯೆ ಆರ್.ಸಿ.ಯಲ್ಲಿ ದಾಖಲಾಗುವಂತೆ ನೋಡಿಕೊಳ್ಳಬೇಕು. ದಾಖಲೆಗೆ ಹೊಂದದ ಎಂಜಿನ್ ಇದ್ದಲ್ಲಿ ಅಪಘಾತದ ನಂತರ ವಿಮೆಯ ವಿಷಯದಲ್ಲಿಯೂ ತೊಡಕು ಎದುರಾಗಬಹುದು.