ಪುಟ್ಟ ಮೌಸ್ ನಿಮ್ಮ ಕೈಗೆ ಒಗ್ಗುತ್ತದೆಯೇ?

ಮನೆಯಲ್ಲೇ ಕೂತು ಹೊಲಿಗೆಯ ಲೆಕ್ಕ, ಮಹಿಳಾ ಸಂಘದ ಲೆಕ್ಕ ಬರೆಯುವ ಸೋದರಿಯರೇ, ಲ್ಯಾಪ್‌ಟಾಪಿಗೆಂದು ಪುಟ್ಟ ಮೌಸ್ ಕೊಂಡಿರಾ? ಪರ್ಸಿನಲ್ಲೂ ಹಿಡಿಸುತ್ತೆ, ನಿಜ. ಆದರೆ ಅಂದಕ್ಕೆ ಮರುಳಾಗಬೇಡಿ. ವಾಪಸು ಕೊಡುವ ಗಡುವು ಮುಗಿಯುವ ಮುನ್ನ ಪರೀಕ್ಷಿಸಿ.

1964ರಲ್ಲಿ ಅಮೆರಿಕದ ಡಗ್ಲಾಸ್ ಎಂಗೆಲ್‌ಬಾರ್ಟ್ ಅವರ ತಂಡ ತಯಾರಿಸಿದ ಮೊದಲ ಮೌಸ್ ಒಂದು ಮರದ ಡಬ್ಬಿ; ಅಡಿಯಲ್ಲಿ ಎರಡು ಚಕ್ರ. ಈಗ ಚಕ್ರದ ಬದಲು ಕ್ಯಾಮೆರಾದಂಥ ಪುಟ್ಟ ಕಣ್ಣಿದೆ. ಅದು ಸೆಕೆಂಡಿಗೆ ಸಾವಿರಕ್ಕೂ ಹೆಚ್ಚು ಬಾರಿ ಮೇಜಿನ ಚಿತ್ರ ತೆಗೆದು, ಮೌಸ್ ಎತ್ತ ಸರಿಯಿತೆಂದು ತಿಳಿಯುತ್ತೆ. ನುಣುಪಾದ ಗಾಜಿನ ಮೇಲೆ ಅದಕ್ಕೆ ಗುರುತು ಸಿಗದೆ ತಡವರಿಸಬಹುದು.

ಮರದ ಮೇಜು, ದಿನಪತ್ರಿಕೆ, ಗಾಜು ಮೂರರ ಮೇಲೂ ಓಡಿಸಿ ನೋಡಿ. ಪರದೆಯ ಬಾಣ ನೆಗೆಯದೆ ಸಾಗಬೇಕು. ಒಂದೇ ಒಂದು ಅಕ್ಷರದ ಮೇಲೆ ನಿಲ್ಲಿಸಿ, ನಿಂತರೆ ಪಾಸು!

ಕೊನೆಗೆ, ಅರ್ಧ ಗಂಟೆ ಬಿಡದೆ ಲೆಕ್ಕ ಬರೆಯಿರಿ. ಬೆರಳು ಮುದುಡಿ ಹಿಡಿಯಬೇಕಾಯಿತೇ? ಮಣಿಕಟ್ಟು ಹಿಡಿದುಕೊಂಡಿತೇ? ಹಾಗಾದರೆ ಅದು ಪ್ರಯಾಣಕ್ಕೆ ಮಾತ್ರ. ದಿನದ ಕೆಲಸಕ್ಕೆ ಅಂಗೈ ತುಂಬುವ ಮೌಸೇ ಇರಲಿ. ರೊಟ್ಟಿ ತಟ್ಟುವ, ಬಟ್ಟೆ ಹಿಂಡುವ ಕೈಯೂ ಅದೇ ತಾನೇ?