ಕೋಟೆಯ ಕಲ್ಲಿನ ಮೇಲೆ ಪುಟ್ಟ ಬಟ್ಟಲುಗಳು

ಬಸವಕಲ್ಯಾಣ: ಕೋಟೆಯ ಹಳೆಯ ಗೋಡೆಗಳ ಮೇಲಿನ ಬೂದು, ಹಳದಿ ಮಚ್ಚೆಗಳನ್ನು ನೋಡುಗರು ಕೊಳೆಯೆಂದೇ ಭಾವಿಸುವುದುಂಟು. ಅವು ಕಲ್ಲುಹೂವು, ಅರ್ಥಾತ್ ಲೈಕೆನ್‌. ಈ ಭಾಗದ ಅಡುಗೆಮನೆಗಳಲ್ಲಿ ಮಸಾಲೆಗೆ ಹಾಕುವ ‘ದಗಡ ಫೂಲ್’ ಕೂಡ ಇದೇ ವರ್ಗದ್ದು. ಹೆಸರಿನಲ್ಲಿ ಹೂವಿದ್ದರೂ ಇದು ಶಿಲೀಂಧ್ರ ಮತ್ತು ಪಾಚಿ ಕೂಡಿ ನಡೆಸುವ ಸಂಸಾರ. ಪಾಚಿ ಬಿಸಿಲಿನಿಂದ ಆಹಾರ ತಯಾರಿಸುತ್ತದೆ, ಶಿಲೀಂಧ್ರ ನೆಲೆ ಒದಗಿಸುತ್ತದೆ. 1860ರ ದಶಕದಲ್ಲಿ ಸ್ವಿಸ್ ವಿಜ್ಞಾನಿ ಸೈಮನ್ ಶ್ವೆಂಡನರ್ ಹೀಗೆಂದಾಗ ಅನೇಕ ಪಂಡಿತರು ಒಪ್ಪಿರಲಿಲ್ಲ.

ಭೂತಗನ್ನಡಿ ಹಿಡಿದರೆ ಕೆಲವು ಕಲ್ಲುಹೂವುಗಳ ಮೇಲೆ ಸಾಸಿವೆಗಿಂತ ಚಿಕ್ಕ ಬಟ್ಟಲುಗಳು ಕಾಣುತ್ತವೆ. ಇವು ಶಿಲೀಂಧ್ರದ ಫಲಕಾಯಗಳು. ಮಳೆಗಾಲದಲ್ಲಿ ಕೊಳೆತ ಕಟ್ಟಿಗೆಯ ಮೇಲೇಳುವ ಬಟ್ಟಲಾಕಾರದ ಅಣಬೆಯದೂ ಇಂಥದೇ ರಚನೆ. ಬಟ್ಟಲಿನ ಒಳಪದರದಲ್ಲಿ ಸೂಕ್ಷ್ಮ ಚೀಲಗಳಿದ್ದು, ಪ್ರತಿಯೊಂದರಲ್ಲೂ ಸಾಮಾನ್ಯವಾಗಿ 8 ಬೀಜಕಗಳಿರುತ್ತವೆ. ತೇವ ಸಿಕ್ಕಾಗ ಅವು ಗಾಳಿಗೆ ಚಿಮ್ಮುತ್ತವೆ. ಅಣಬೆ ಕೆಲವೇ ದಿನಗಳಲ್ಲಿ ಕರಗಿದರೆ, ಕಲ್ಲುಹೂವಿನ ಬಟ್ಟಲು ವರ್ಷಗಟ್ಟಲೆ ಬಾಳಬಲ್ಲದು. ಆದರೆ ಚಿಮ್ಮಿದ್ದು ಶಿಲೀಂಧ್ರದ ಬೀಜಕ ಮಾತ್ರ; ಬಿದ್ದಲ್ಲಿ ತಕ್ಕ ಪಾಚಿ ಸಿಗದಿದ್ದರೆ ಹೊಸ ಸಂಸಾರವಿಲ್ಲ.

ಹುಮನಾಬಾದ್ ತಾಲ್ಲೂಕಿನ ಜಲಸಂಗಿ ದೇಗುಲವನ್ನು ನೆನೆದರೆ ಇದರ ಮಹತ್ವ ತಿಳಿಯುತ್ತದೆ. ಅಲ್ಲಿನ ಶಿಲಾಬಾಲಿಕೆ ಚಾಲುಕ್ಯ ದೊರೆ ಆರನೇ ವಿಕ್ರಮಾದಿತ್ಯನನ್ನು (1076–1126) ಕುರಿತ ಶಾಸನ ಬರೆಯುವ ಭಂಗಿಯಲ್ಲಿದ್ದಾಳೆ. ಇಂಥ ಅಕ್ಷರಗಳ ಮೇಲೆ ಕಲ್ಲುಹೂವು ಹಬ್ಬಿದರೆ ಅದರ ಎಳೆಗಳು ಕಲ್ಲಿನ ರಂಧ್ರಗಳಿಗಿಳಿಯುತ್ತವೆ, ಸ್ರವಿಸುವ ಆಮ್ಲ ಖನಿಜಗಳನ್ನು ಸಡಿಲಿಸುತ್ತದೆ. ಹಾಗೆಂದು ತಂತಿ ಬ್ರಷ್‌ನಿಂದ ಉಜ್ಜುವುದು ಇನ್ನೂ ಅಪಾಯಕರ. ಕಲ್ಲುಹೂವಿನೊಂದಿಗೆ ಕಲ್ಲಿನ ಕಣಗಳೂ ಕಿತ್ತುಬರುತ್ತವೆ. ಒಳಗುಳಿದ ಎಳೆ ಮತ್ತೆ ಚಿಗುರಬಹುದು.