ಕಡಲ ಮೇಲಿನ ಜಾಗರಣೆ

ಕೃಷ್ಣೆಯ ದಡದ ಮ್ಹೈಸಾಳಕ್ಕೆ ಸಮುದ್ರ ದೂರವೇ. ಆದರೂ ನೌಕಾಪಡೆ ಸೇರುವ ಮಕ್ಕಳಿಗಾಗಿ ಪ್ರಾರ್ಥಿಸುವ ನಾವು ಅವರ ಕೆಲಸವನ್ನೂ ಸ್ವಲ್ಪ ತಿಳಿದಿರುವುದು ಒಳ್ಳೆಯದು.

2011ರ ಜನವರಿ 30, ಭಾನುವಾರ. ಕರ್ನಾಟಕದ ಗಿರಿಯ ಹೆಸರು ಹೊತ್ತ ಐಎನ್‌ಎಸ್ ವಿಂಧ್ಯಗಿರಿ ಮುಂಬಯಿ ಬಂದರಿಗೆ ಮರಳುತ್ತಿತ್ತು. ನಾವಿಕರ ಮಡದಿ ಮಕ್ಕಳೂ ಅಂದು ಹಡಗಿನಲ್ಲಿದ್ದರು. ನಾರ್ಡ್‌ಲೇಕ್ ಎಂಬ ಸರಕು ಹಡಗಿಗೆ ಡಿಕ್ಕಿಯಾಗಿ ಬೆಂಕಿ ಹತ್ತಿತು. ದೇವರ ದಯೆಯಿಂದ ಎಲ್ಲರೂ ಪಾರಾದರು. ಹಡಗು ಮಾತ್ರ ಮರುದಿನ ಕಟ್ಟೆಯ ಬಳಿಯೇ ಮುಳುಗಿತು.

ಹಡಗಿನಲ್ಲಿ ಸಾಮಾನ್ಯವಾಗಿ ನಾಲ್ಕು ಗಂಟೆಗೊಂದು ಪಹರೆ. ರಾಡಾರ್ ಇದ್ದರೂ ಕಣ್ಣು, ಕಿವಿ ಎರಡನ್ನೂ ತೆರೆದು ಕಾಯಬೇಕೆಂಬುದು 1972ರ ಅಂತರರಾಷ್ಟ್ರೀಯ ನಿಯಮ. ಎರಡು ಹಡಗುಗಳ ದಾರಿ ಅಡ್ಡವಾದರೆ, ಇನ್ನೊಂದನ್ನು ತನ್ನ ಬಲಗಡೆ ಕಂಡದ್ದು ದಾರಿ ಬಿಡಬೇಕು. ನಮ್ಮ ರಸ್ತೆಗಳಲ್ಲಿ ಇಷ್ಟು ವಿನಯ ಕಂಡದ್ದು ಕಡಿಮೆ!

ನಿಯಮ ಬಲ್ಲವರೂ ದಣಿದರೆ ತಪ್ಪುತ್ತಾರೆ. 2017ರಲ್ಲಿ ಅಮೆರಿಕದ ನೌಕಾಪಡೆಯ ಫಿಟ್ಜ್‌ಜೆರಾಲ್ಡ್ ಜಪಾನಿನ ಬಳಿ, ಎರಡು ತಿಂಗಳ ನಂತರ ಮೆಕೇನ್ ಸಿಂಗಪುರದ ಬಳಿ ವಾಣಿಜ್ಯ ಹಡಗುಗಳಿಗೆ ಡಿಕ್ಕಿಯಾದವು. ಹದಿನೇಳು ನಾವಿಕರು ಸತ್ತರು. ಮೆಕೇನ್‌ನವರಿಗೆ ಚುಕ್ಕಾಣಿಯ ಹೊಸ ಸ್ಪರ್ಶಪರದೆಯ ತರಬೇತಿ ಸಾಲದಾಗಿತ್ತು. ಕೈತಪ್ಪದ ಚುಕ್ಕಾಣಿ ಕೈತಪ್ಪಿತೆಂದು ಗಾಬರಿಯಾದರು. ನಿದ್ದೆಗೆಟ್ಟ ದಣಿವೂ ಕಾರಣವೆಂದು ತನಿಖೆಗಳು ಹೇಳಿದವು. ಬಳಿಕ ಅಲ್ಲಿ ನಿದ್ದೆಯ ಹೊತ್ತಿಗೆ ಹೊಂದುವಂತೆ ಪಹರೆಯ ಪಾಳಿಗಳನ್ನು ಬದಲಿಸಿದರು.

ಗೆತ್ಸೆಮನಿಯಲ್ಲಿ ಶಿಷ್ಯರೂ ತೂಕಡಿಸಿದರಲ್ಲವೇ? ಪಾಸ್ಖ ಜಾಗರಣೆಯಲ್ಲಿ ನಾವೂ ಆಕಳಿಸಿದ್ದುಂಟು. ಪ್ರಿಯ ತಾಯಂದಿರೇ, ರಜೆಗೆ ಬಂದ ನಾವಿಕ ಮಗ ಮಧ್ಯಾಹ್ನದವರೆಗೂ ಮಲಗಿದರೆ ಸೋಮಾರಿ ಎಂದು ಎಬ್ಬಿಸಬೇಡಿ. ಊಟ ಮುಚ್ಚಿಟ್ಟಿರಿ.